ಮೂರು ಸಾಲು ಕಡಿಮೆ

ಪೆರ್ಲ ಪೇಟೆಯ ಅಕ್ಷಯ ಕೇಂದ್ರದಲ್ಲಿ
ಸರ್ವರ್ ಬಿದ್ದ ಮಧ್ಯಾಹ್ನ
ಪಿಂಚಣಿಯವರು ಬೆಂಚಿನಲ್ಲಿ ತೂಕಡಿಸುವಾಗ
ನಾನು ಹಳೆಯ ಲ್ಯಾಪ್‌ಟಾಪ್ ತೆರೆದು
ಕರ್ನಲ್ಲಿನ ನೆನಪಿನ ಕೋಣೆಗೆ ಇಳಿಯುತ್ತೇನೆ.
ಗುಡಿಸಲಿಕ್ಕೆ, ಅಷ್ಟೆ.
ಹೊಸತು ಕಟ್ಟುವುದು ನನ್ನಿಂದಾಗದು.

ಯಾರೋ ಬರೆದಿಟ್ಟಿದ್ದಾರೆ:
ಬಿಟ್ಟುಕೊಡುವ ಮುಂಚೆ ಕೇಳು,
ಕೈಯಲ್ಲಿ ಏನಾದರೂ ಉಂಟಾ ಎಂದು.
ಕೇಳಬೇಕಿಲ್ಲ ಮಾರಾಯರೆ,
ಬರಿಗೈಯನ್ನು ಬಿಟ್ಟುಕೊಟ್ಟರೆ ಯಾರಿಗೆ ಎಂತ ನಷ್ಟ?
ಒಂದು ಸಾಲು ಹೋಯಿತು.

ಇನ್ನೊಂದು ಫಂಕ್ಷನ್ ಯಾವಾಗ ಕರೆದರೂ
ಸೊನ್ನೆಯನ್ನೇ ಹೊತ್ತು ತರುತ್ತದೆ,
ಅಂಚೆಯ ಕುಂಞಂಬು
ಕಾಗದ ಇಲ್ಲ ಎಂದು ಹೇಳಲಿಕ್ಕೇ
ಸೈಕಲ್ಲಿಳಿದು ಮೆಟ್ಟಿಲು ಹತ್ತಿ ಬಂದ ಹಾಗೆ.
ಇನ್ನು ತರುವುದು ಬೇಡ ಎಂದೆ.
ಆ ಸೊನ್ನೆಗೆ ಕಾದು ನಿಂತಿದ್ದ ಮೂರು ಸಾಲೂ ಹೋದವು.
ಟಿಪ್ಪಣಿಯಲ್ಲೊಂದು ಕಾಗುಣಿತ ತಪ್ಪು,
ಹದಿನಾಲ್ಕು ವರ್ಷ ಯಾರ ಕಣ್ಣಿಗೂ ಚುಚ್ಚದೆ ಇದ್ದದ್ದು.
ತಿದ್ದಿದೆ.

ಬಿಟ್ಟ ಪುಟ ಸುಮ್ಮನೆ ಕೂರುವುದಿಲ್ಲ ಇಲ್ಲಿ;
ಪಕ್ಕದ ಜೋಡಿಯೂ ಖಾಲಿಯಾಗಿದ್ದರೆ
ಹುಣಿ ಕಡಿದ ಎರಡು ಗದ್ದೆಯಂತೆ ಒಂದಾಗುತ್ತದೆ.
ಅದನ್ನು ಓದುವುದೇ ಒಂದು ಸುಖ.

ಆಮೇಲೆ ಅದು. ಹತ್ತು ಸಾಲಿನ ಪುಟ್ಟ ಫಂಕ್ಷನ್.
ಇಡೀ ಮರ ಜಾಲಾಡಿದೆ,
ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ.
ಅಳಿಸಲೆಂದು ನೀಲಿ ಮಾಡಿಟ್ಟಿದ್ದೆ.
ಅಷ್ಟರಲ್ಲಿ ಸರ್ವರ್ ಎದ್ದಿತು.
ಐತಪ್ಪ ನಾಯ್ಕರೂ ಎದ್ದರು.

'ಇದು ಕನ್ನಡದಲ್ಲಿ ಉಂಟಾ?'

ಉಂಟು, ಪರದೆಯ ಮೂಲೆಯಲ್ಲಿ, ಸಣ್ಣಕೆ.
ನಾಲ್ಕು ವರ್ಷದಲ್ಲಿ ನಾನೇ ಒತ್ತಿರಲಿಲ್ಲ.
ಒತ್ತಿದೆ. ಚಕ್ರ ತಿರುಗಿತು, ತಿರುಗಿತು,
ಬಂತು.
'ಹುಟ್ಟಿದ ದಿನ'ದ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿತ್ತು.
ಅವರು ಬೆರಳಿಟ್ಟು ಓದಿದರು,
ಗಟ್ಟಿಯಾಗಿ, ತಪ್ಪು ಸಮೇತ.

ರಾತ್ರಿ ಮತ್ತೊಮ್ಮೆ ಹುಡುಕಿದೆ.
ಈಗ ಯಾರ ಮೇಜಿನ ಮೇಲೂ ಇರದ
ಯಂತ್ರವೊಂದರ ಕಡತದಲ್ಲಿ ಸಿಕ್ಕಿತು ಒಂದು ಮ್ಯಾಕ್ರೋ:
ಅರ್ಧ ಹೆಸರು ಇಲ್ಲಿಂದ, ಅರ್ಧ ಅಲ್ಲಿಂದ ತಂದು
ಅಂಟಿಸಿ ಕರೆಯುತ್ತಿತ್ತು.
ಪೂರ್ತಿ ಹೆಸರು ಹುಡುಕಿದವರಿಗೆ
ಕೇಳಿಸದ ಕರೆ.

ಇರಲಿ ಎಂದು ಬಿಟ್ಟೆ.
ಕರೆ ಎಲ್ಲಿಂದ ಬರುತ್ತದೆ ಎಂದು
ನೆತ್ತಿಯ ಮೇಲೆ ಒಂದು ಸಾಲು ಬರೆದೆ.

ಹೋದದ್ದು ನಾಲ್ಕು, ಸೇರಿದ್ದು ಒಂದು.
ಯಂತ್ರಕ್ಕೆ ಗೊತ್ತೂ ಆಗಲಿಕ್ಕಿಲ್ಲ.
ನಾಳೆ ಬೇಗ ಬಾಗಿಲು ತೆಗೆಯಬೇಕು,
ಐತಪ್ಪ ನಾಯ್ಕರ ಬೆರಳಚ್ಚು
ಇವತ್ತು ಹಿಡಿಯಲೇ ಇಲ್ಲ.