ಆರನೆಯ ಆಳು

ಕ್ಲೀವ್‌ಲ್ಯಾಂಡಿನಲ್ಲಿ ಏಪ್ರಿಲ್ ಎಂದರೆ
ಕೋಟು ಇನ್ನೂ ಬಾಗಿಲ ಹಿಂದಿನ ಗೂಟದಲ್ಲೇ ಇದೆ.
ಅಡುಗೆಮನೆಯ ಮೇಜಿಗೆ ಕೂತ ಮಾರ್ಸೆಲಾ ಪ್ರೊಹಾಸ್ಕಾಳ ಮುಂದೆ
ಕಂಪ್ಯೂಟರು, ಬಿಸಿಯಾರುತ್ತಿರುವ ಕೋಸಿನ ಸಾರು, ಹನ್ನೊಂದು ನೋಟ್‌ಬುಕ್ಕು.
ನೂರು ಮತದಾರರಲ್ಲಿ ಒಬ್ಬಳು.
ನಾಳೆ ಮಧ್ಯಾಹ್ನಕ್ಕೆ ಗಡುವು.

ಬೆರಳಿಗೆ ಶಾಯಿಯಿಲ್ಲ, ಸರತಿಯಿಲ್ಲ, ಪರದೆಯ ಮರೆಯೂ ಇಲ್ಲ.
ಯಾರು ಯಾರಿಗೆ ಹಾಕಿದರೆಂದು ಆಮೇಲೆ
ಹೆಸರು ಸಮೇತ ಲೀಗೇ ಬಿಚ್ಚಿಡುತ್ತದೆ.
ಹೋದ ವರ್ಷ ಡೆನ್ವರಿನಿಂದ ಒಬ್ಬ ಕಾರ್ಡು ಬರೆದಿದ್ದ:
‘ನಿನ್ನ ಕನ್ನಡಕ ಮಾರಿಬಿಡು, ಉಪಯೋಗವಿಲ್ಲ.’
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ, ಹಲ್ಲಿನ ಡಾಕ್ಟರ ಚೀಟಿಯ ಪಕ್ಕ.

ಅತ್ಯಮೂಲ್ಯ ಆಟಗಾರನಿಗೆ ಐದು ಸಾಲು.
ಮೊದಲಿಗೆ ಹತ್ತು, ಎರಡಕ್ಕೆ ಏಳು, ಆಮೇಲೆ ಐದು, ಮೂರು, ಒಂದು.
ತುಂಬಲು ಸಾರು ಆರುವಷ್ಟೂ ಹೊತ್ತು ಹಿಡಿಯಲಿಲ್ಲ.
ದೊಡ್ಡ ಮರವನ್ನು ಕಣ್ಣು ತಾನಾಗಿಯೇ ಹತ್ತುತ್ತದೆ.

ಸಿಕ್ಕಿಬಿದ್ದದ್ದು ಆರನೆಯ ಆಳಿನಲ್ಲಿ,
ಐವರು ಕಣಕ್ಕಿಳಿದ ಮೇಲೆ ಬೆಂಚಿನಿಂದ ಏಳುವವನಲ್ಲಿ.

ಐವರ ಲೆಕ್ಕದ ಹೊರಗುಳಿದ ಆರನೆಯವನ ಸಂಕಟ
ನಮ್ಮ ಭಾಷೆಗೆ ಸಾವಿರ ವರ್ಷದಿಂದ ಗೊತ್ತು.
ಮಾರ್ಸೆಲಾಗೆ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು
ಕೀಶಾನ್ ಪ್ರುಡೋಮ್: ಬಲ ಮೊಣಕಾಲಿಗೆ ಎರಡು ಪಟ್ಟಿ,
ಕೋಚು ಕರೆಯುವ ಮುನ್ನವೇ ಮೇಲಂಗಿ ಕಳಚಿ
ನಾಲ್ಕಾಗಿ ಮಡಿಸಿ ಕುರ್ಚಿಯ ಮೇಲಿಡುವವನು.
ಎಂಬತ್ತೆರಡು ಆಟ. ಎಂಬತ್ತೆರಡು ಸಲ ಮಡಿಸಿದ.
ಅಂಕಿಅಂಶದಲ್ಲಿ ಅದಕ್ಕೆ ಕಾಲಂ ಇಲ್ಲ.

ಎದುರಾಳಿ ಫೀನಿಕ್ಸಿನ ಒರೆಲ್ ಟಿಬ್ಬಿಟ್ಸ್,
ಆಟಕ್ಕೆ ಹತ್ತೊಂಬತ್ತು ಅಂಕ. ಪ್ರುಡೋಮನದು ಹನ್ನೊಂದು ಚಿಲ್ಲರೆ.
ಹನ್ನೊಂದಕ್ಕಿಂತ ಹತ್ತೊಂಬತ್ತು ದೊಡ್ಡದೆನ್ನಲು
ನೂರು ಜನ ಪತ್ರಕರ್ತರು ಯಾಕೆ,
ಒಂದನೇ ಕ್ಲಾಸಿನ ಮಗು ಸಾಕು.

ಇನ್ನು ದುಡ್ಡಿನ ಮಾತು.
ಪ್ರಶಸ್ತಿ ಬಂದರೆ ಪ್ರುಡೋಮನಿಗೆ ಏಳು ಲಕ್ಷ ಡಾಲರು ಹೆಚ್ಚು.
ಹೇಳಿದ್ದು ಅವನಲ್ಲ, ಅವನ ಏಜೆಂಟು,
ಲಿಫ್ಟಿನಲ್ಲಿ, ಹವಾಮಾನ ಹೇಳುವ ದನಿಯಲ್ಲಿ.
ಅವಳ ಪತ್ರಿಕೆ ಈಗ ವಾರಕ್ಕೆ ಮೂರೇ ದಿನ ಅಚ್ಚಾಗುತ್ತದೆ.
ತನ್ನ ಹನ್ನೆರಡು ವರ್ಷದ ಸಂಬಳವನ್ನು
ಒಂದು ಕ್ಲಿಕ್ಕಿನಲ್ಲಿ ಇನ್ನೊಬ್ಬರ ಎಲೆಗೆ ಬಡಿಸುವ ಸೌಟು
ಯಾರು ಕೊಟ್ಟರು ಅವಳ ಕೈಗೆ?
ಅವನಿಗೆ ಹಾಕಿದರೆ ಲಿಫ್ಟಿಗೆ ಹಾಕಿದಂತೆ,
ಹಾಕದಿದ್ದರೆ ಲಿಫ್ಟಿಗೆ ಹೆದರಿದಂತೆ.

ಜನವರಿಯ ನೋಟ್‌ಬುಕ್ಕು. ಡೆಟ್ರಾಯಿಟ್, ಇಪ್ಪತ್ತು ಅಂಕದ ಸೋಲು.
ಅಂಚಿನಲ್ಲಿ ಅವಳದೇ ಗೀಚು:
‘ಪ್ರು. ಹೊಸ ಹುಡುಗನಿಗೆ ಬೆರಳು ತೋರಿಸಿದ.
ಹುಡುಗ ಎರಡು ಹೆಜ್ಜೆ ಸರಿದ.
ಚೆಂಡು ಅಲ್ಲಿಗೇ ಬಂತು.’
ಚೆಂಡು ಕಸಿದ ಲೆಕ್ಕ ಹುಡುಗನ ಖಾತೆಗೆ ಹೋಯಿತು.
ಮರುದಿನದ ವರದಿಯಲ್ಲೂ ಈ ಸಾಲಿಲ್ಲ, ಜಾಗ ಸಾಲಲಿಲ್ಲ.

ಆದರೆ ಟಿಬ್ಬಿಟ್ಸನ ನೋಟ್‌ಬುಕ್ಕು ಅವಳಲ್ಲಿಲ್ಲವಲ್ಲ.
ಅವನನ್ನು ಕಣ್ಣಾರೆ ಕಂಡದ್ದು ಎರಡೇ ರಾತ್ರಿ.
ಫೀನಿಕ್ಸಿನ ಯಾವ ಅಡುಗೆಮನೆಯಲ್ಲಿ ಯಾರು ಗೀಚಿಟ್ಟಿದ್ದಾರೋ,
ಅವನೂ ಏನೇನು ಮಡಿಸುತ್ತಾನೋ
ಯಾರೂ ನೋಡದಾಗ.

ಸಾರಿನ ಮೇಲೆ ಕೊಬ್ಬು ಕೆನೆಗಟ್ಟಿತು.
ಎರಡನೆಯ ಸಾಲು ತುಂಬಿದಳು, ಮೂರನೆಯದು ತುಂಬಿದಳು,
ಮೊದಲನೆಯದನ್ನು ಖಾಲಿ ಬಿಟ್ಟು ಪಾತ್ರೆ ತೊಳೆದಳು.
ಒಂದೂ ನಲವತ್ತಕ್ಕೆ ಒತ್ತಿದಳು.

ಮೇ ತಿಂಗಳಲ್ಲಿ ಪಟ್ಟಿ ಬಂತು. ಟಿಬ್ಬಿಟ್ಸ್ ಗೆದ್ದಿದ್ದ, ಬಹಳ ದೂರ.
ಪ್ರೊಹಾಸ್ಕಾ ಎಂಬ ಹೆಸರಿನೆದುರು:
ಒಂದು, ಟಿಬ್ಬಿಟ್ಸ್. ಎರಡು, ಪ್ರುಡೋಮ್.
ಅದು ನ್ಯಾಯವೋ, ಲಿಫ್ಟಿನ ಹೆದರಿಕೆಯೋ,
ಅದಕ್ಕೂ ಕಾಲಂ ಇಲ್ಲ.
ಡೆನ್ವರಿನವನು ಈ ಸಲ ಏನೂ ಬರೆಯಲಿಲ್ಲ.

ಆ ಸಂಜೆ ಮೊಣಕಾಲಿಗೆ ಐಸು ಕಟ್ಟಿಕೊಂಡು ಕೂತಿದ್ದ ಪ್ರುಡೋಮ್
ತಲೆಯೆತ್ತಿ ಕೇಳಿದ:
‘ಇವತ್ತು ನಿಮ್ಮ ಪೇಪರು ಬರೋ ದಿನವಾ?’
‘ಅಲ್ಲ, ನಾಳೆ.’
‘ಹಾಗಾದರೆ ಕೂತ್ಕೊಳ್ಳಿ, ಅವಸರವಿಲ್ಲ’ ಎಂದು
ಪಕ್ಕದ ಕುರ್ಚಿಯಿಂದ ಅಂಗಿ ತೆಗೆದ.