ಪುಟಕ್ಕೆ ಇಪ್ಪತ್ತು

ವಿಲೇಜ್ ಆಫೀಸಿನ ಎದುರು, ಗಾಳಿಮರದ ಬುಡದಲ್ಲಿ
ನನ್ನ ಮೇಜು. ಒಂದು ಕಾಲು ಗಿಡ್ಡ; ಅದಕ್ಕೆ ಆಸರೆ
ಹಳೆಯ ಮಲಯಾಳ–ಕನ್ನಡ ನಿಘಂಟು.
ಬಾಯಿಪಾಠ ಆದಮೇಲೆ ಅದಕ್ಕೂ ಬೇರೆ ಕೆಲಸ ಇರಲಿಲ್ಲ.

ಮೂವತ್ತೊಂದು ವರ್ಷದಿಂದ
ಈ ದಡದ ಕಷ್ಟವನ್ನು ಆ ದಡದ ಭಾಷೆಗೆ
ದಾಟಿಸುವ ಕಡವಿನವನು ನಾನು.
ಪುಟಕ್ಕೆ ಇಪ್ಪತ್ತು. ವಿಧವೆಯರಿಗೆ ಹದಿನೈದು.
ಸ್ಟಾಂಪಿನ ಅಂಟು ಉಚಿತ; ನಾಲಗೆ ಅವರದ್ದೇ.

ಕೊರಪೊಳು ಬಂದದ್ದು ಸೋಮವಾರ, ನಡೆದು.
ಬಸ್ಸಿಗೆಂದು ಇಟ್ಟ ಹದಿನೈದು ನನಗಾಯಿತು.
ತಲೆಯ ಮೇಲೆ ಮೂರು ಬೀಳಿನ ಬುಟ್ಟಿ, ಒಂದರೊಳಗೊಂದು,
ಒಳಗಿನದ್ದರಲ್ಲಿ ತೊಟ್ಟೆ, ತೊಟ್ಟೆಯೊಳಗೆ ಅವಳ ಬಡತನ —
ಪಾಪ, ಕನ್ನಡದಲ್ಲಿತ್ತು.

"ಇದು ನಡೆಯುವುದಿಲ್ಲ ಮಾರಾಯ್ತಿ," ಅಂದೆ,
"ಇಲ್ಲಿ ಬಡತನ ಮಲಯಾಳದಲ್ಲಿರಬೇಕು."
"ನನ್ನ ಮಗಳಿಗೆ ತುಳುವಿನಲ್ಲಿ ಹಸಿವಾಗುತ್ತದಲ್ಲ?"
"ಅದರ ಫಾರಂ ಇನ್ನೂ ಅಚ್ಚಾಗಿಲ್ಲ."

ಬರೆಯತೊಡಗಿದೆ.
ಮನೆ? ಇದೆ. ಗೋಡೆ ಮೂರು,
ನಾಲ್ಕನೆಯದು ಆಟಿಯ ಮಳೆಗೆ ಕೂತುಕೊಂಡಿತಂತೆ.
ಕೂತರೂ ಇದೆ ಅಂತಲೇ ಲೆಕ್ಕ.
ಕರೆಂಟು? ಕಂಬ ಅಂಗಳದಲ್ಲೇ ಇದೆ.
ತಂತಿ ಇವಳ ತಲೆಯ ಮೇಲಿಂದ ಮುಂದಿನ ಮನೆಗೆ ಹೋಗುತ್ತದೆ.
ವಾಹನ? ಅವಳು ತುಂಬ ಹೊತ್ತು ಯೋಚಿಸಿದಳು,
ಗಂಡನ ಹೆಣ ತಂದ ಆಂಬುಲೆನ್ಸು ಸೇರುತ್ತದೋ ಏನೋ ಅಂತ.
ಫೋನು? ಮಗಳಿಗೆ ಯಾರೋ ದಾನ ಕೊಟ್ಟದ್ದು.
ದಾನದ ಫೋಟೋ ಪೇಪರಿನಲ್ಲಿ ಬಂದಿತ್ತು,
ಆಫೀಸಿನವರು ಕತ್ತರಿಸಿ ಫೈಲಿಗೆ ಹಾಕಿದ್ದರು.
ಅಂಕ ಮೂರು ಕಳೆಯಿತು.

ತರ್ಜುಮೆಯಲ್ಲಿ ಹೆಚ್ಚುಕಮ್ಮಿ ಇದ್ದದ್ದೇ.
ಗಂಜಿಗೆ ಅಲ್ಲಿಯೂ ಶಬ್ದ ಉಂಟು.
ಅನ್ನ ಮಗಳಿಗೆ ಬಡಿಸಿ ಉಳಿದ ತಿಳಿಗೆ ಹೊಳೆಯಲಿಲ್ಲ,
'ಲಘು ಆಹಾರ' ಎಂದು ಬರೆದೆ.

ಆಫೀಸರು ಒಳ್ಳೆಯವರು. ತೆಂಕಣಿಂದ ವರ್ಗವಾಗಿ ಬಂದವರು.
ಇಲ್ಲಿಗೆ ಬರುವವರೆಲ್ಲ ಶಿಕ್ಷೆಗೆಂದೇ ಬರುತ್ತಾರೆ;
ಯಾರ ಶಿಕ್ಷೆಗೆ ಎಂಬುದು ಆರ್ಡರಿನಲ್ಲಿರುವುದಿಲ್ಲ.
ಎರಡು ಸಲ ಓದಿದರು, ನನ್ನ ಅಕ್ಷರ ಹೊಗಳಿದರು.
ಆಮೇಲೆ ಕನ್ನಡಕ ತೆಗೆದು:
ಶುಕ್ರವಾರ ನಮ್ಮ ಪಂಚಾಯತು ಬಡತನಮುಕ್ತ.
ಬ್ಯಾನರು ಅಚ್ಚಾಗಿದೆ. ಸೊನ್ನೆ ದೊಡ್ಡದಾಗಿ ಬಿದ್ದಿದೆ,
ಈಗ ಅದನ್ನು ಒಂದು ಮಾಡಲಿಕ್ಕೆ
ಫಂಡು ಎಲ್ಲಿಂದ ತರುವುದು?

"ಏನಂತೆ?" ಅಂದಳು ಹೊರಗೆ ನಿಂತ ಕೊರಪೊಳು.
"ನಿನ್ನ ಬಡತನ ಶುಕ್ರವಾರ ಮುಗಿಯುತ್ತದಂತೆ," ಅಂದೆ.
ತರ್ಜುಮೆಯಲ್ಲಿ ತಪ್ಪಿರಲಿಲ್ಲ.

ಶುಕ್ರವಾರ ಶಾಲೆಯ ಮೈದಾನದಲ್ಲಿ ಪ್ಲಾಸ್ಟಿಕ್ ನಿಷೇಧ.
ಅತಿಥಿಗಳ ಹಣ್ಣಿಗೆ ಅವಳ ಮೂರು ಬುಟ್ಟಿ ತೆಗೆದುಕೊಂಡರು —
ದುಡ್ಡು ಬಿಲ್ಲು ಪಾಸಾದಮೇಲೆ,
ಬಿಲ್ಲು ಅವಳ ಜಿಎಸ್‌ಟಿ ನಂಬ್ರ ಸಿಕ್ಕಿದಮೇಲೆ.
ವೇದಿಕೆಯ ಮೇಲೆ ನಾನೂ ಇದ್ದೆ. ಭಾಷಣಕ್ಕೆ ಕನ್ನಡ ನನ್ನದು,
ಊರಿನ ಮರ್ಯಾದೆಯಲ್ಲವೇ, ಅಂದು ಪುಟಕ್ಕೆ ಏನೂ ಇಲ್ಲ,
ಒಂದು ಶಾಲು.
"ಇನ್ನು ಇಲ್ಲಿ ಯಾರೂ ಹಸಿದಿರುವುದಿಲ್ಲ" ಎಂದು ನಾನು ಕೂಗಿದಾಗ
ಕೊನೆಯ ಸಾಲಿನಲ್ಲಿ ಕೊರಪೊಳು ಚಪ್ಪಾಳೆ ತಟ್ಟಿದಳು.
ಮಗಳು ಮಾತ್ರ ವೇದಿಕೆಯ ಕಡೆ,
ಬುಟ್ಟಿಗಳ ಕಡೆ,
ಬುಟ್ಟಿಯಿಂದ ಹೊರಗೆ ಕಾಣುವ ಬಾಳೆಹಣ್ಣಿನ ತುದಿಯ ಕಡೆ.

ಸೋಮವಾರ ಪುನಃ ಬಂದಳು.
"ಬುಟ್ಟಿಯ ದುಡ್ಡಿಗೆ ಒಂದು ಅರ್ಜಿ ಬರೆಯಿರಿ."
ಬರೆದೆ. ಹದಿನೈದು ಚಾಚಿದಳು.
ಬಡವರೇ ಇಲ್ಲದ ಊರಿನಲ್ಲಿ ರಿಯಾಯಿತಿ ಹೇಗೆ ಕೊಡುವುದು?
ಇಪ್ಪತ್ತು ಅಂದೆ.
ಸೆರಗಿನ ಗಂಟು ಬಿಚ್ಚಿ ಐದು ಇಟ್ಟಳು, ಎಲ್ಲಾ ಚಿಲ್ಲರೆ.

ಸ್ಟಾಂಪು ಕೊಟ್ಟೆ.
ನಾಲಗೆ ಚಾಚಿ ನೆಕ್ಕಿದಳು, ಒತ್ತಿದಳು,
ಮತ್ತೊಮ್ಮೆ ನೆಕ್ಕಿದಳು.
ಅಂಟಲಿಲ್ಲ.