ನಾಲ್ಕು ಹೊತ್ತು

ಕಿರುಗಾವಲಿನಿಂದ ಬಂದ ತನ್ವೀರ
ಗೋಡೆಗೆ ಡ್ರಿಲ್ಲು ಹಿಡಿಯುವ ಮೊದಲು ಕೇಳಿದ:
ಸದ್ದಾದ್ರೆ ಹುಳಕ್ಕೆ ಏನಾರ ಆದಾತಾ ಅಕ್ಕ?
ಏನೂ ಆಗಾಕಿಲ್ಲ, ಎರಡನೇ ಜ್ವರಕ್ಕೆ ಕೂತವೆ.
ತಟ್ಟೆ ಅಲುಗಿಸಬೇಡ, ಅಷ್ಟೆ.

ಜ್ವರ ಅಂದರೆ ಇಲ್ಲಿ ಮೈ ಸುಡುವುದಲ್ಲ.
ಹಳೇ ಚರ್ಮ ಬಿಟ್ಟುಕೊಡುವ ತನಕ ತಲೆ ಎತ್ತಿ
ಉಣ್ಣದೆ, ಅಲುಗದೆ ಕೂರುವುದು.
ನಮ್ಮ ರೋಜಾ ಇದ್ದಂಗೆ ಅನ್ನಿ, ಅಂದು ನಕ್ಕ.

ಬಿಳಿ ಡಬ್ಬಿ. ಸೋಪಿನ ಪೆಟ್ಟಿಗೆಗಿಂತ ತುಸು ದೊಡ್ಡದು.
ಮುಖಕ್ಕೆ ಗಾಜು, ಗಾಜಿನೊಳಗೆ ಹಸಿರು ಅಂಕಿ,
ಹಿಂದಿನಿಂದ ಹೊರಟ ತಂತಿಯ ತುದಿಗೆ
ಹೆಸರುಕಾಳಿನಷ್ಟು ಮೂಗು.
ಆ ಮೂಗನ್ನು ನಡುವಿನ ತಟ್ಟೆಯ ಮಟ್ಟಕ್ಕೆ ಇಳಿಬಿಟ್ಟ.
ಇಷ್ಟು ದಿನ ಅಲ್ಲಿ ನನ್ನ ಕೆನ್ನೆ ಇರುತ್ತಿತ್ತು.

ಅತ್ತೆ ಚಿಕ್ಕಬೋರಮ್ಮ ಕಲಿಸಿದ್ದು:
ಕೈಯ ನಂಬಬ್ಯಾಡ, ಕೈ ಒಲೆ ಮುಟ್ಟಿರ್ತದೆ,
ತೊಳೆದ ಸೊಪ್ಪು ಮುಟ್ಟಿರ್ತದೆ. ಕೆನ್ನೆ ಇಡು.
ಬಾಣಂತಿ ಕೋಣೆಯಂಗಿದ್ರೆ ಸರಿ.
ಹೆಚ್ಚಾಯ್ತಾ, ಗೋಣಿ ನೆನೆಸಿ ಕಿಟಕಿಗೆ ಕಟ್ಟು.
ಕಮ್ಮಿಯಾಯ್ತಾ, ಕುಂಪಟಿಗೆ ಇನ್ನೊಂದು ಹಿಡಿ ಇದ್ದಿಲು.
ಹೀಗೆ ಹದಿನಾರು ವರ್ಷ, ವರ್ಷಕ್ಕೆ ಆರೋ ಏಳೋ ಬೆಳೆ,
ರಾತ್ರಿ ಎರಡು ಗಂಟೆಗೆ ಎದ್ದು
ಮಕ್ಕಳಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಕೆನ್ನೆ
ಈ ತಟ್ಟೆಗಳಿಗೆ ಕೊಟ್ಟಿದ್ದೇನೆ.

ಈಗ ಹೊತ್ತು ತುಂಬಬೇಕಕ್ಕ, ಅಂದ ತನ್ವೀರ.
ನಾಲ್ಕು ಹೊತ್ತು ನೆನಪಿಟ್ಕತದೆ ಇದು.
ಎದ್ದ ಹೊತ್ತು, ಮನೆ ಬಿಟ್ಟ ಹೊತ್ತು,
ಬಂದ ಹೊತ್ತು, ಮನಿಕಂಡ ಹೊತ್ತು.
ಯಾವುದೋ ಚಳಿ ಸೀಮೆಯೋರು ತಮಗೆ ಅಂತ ಮಾಡ್ಕಂಡದ್ದು,
ಹುಳಕ್ಕೂ ಆಯ್ತದೆ.

ಏಳೋದು?
ನಾಲ್ಕೂವರೆ.
ಮನೆ ಬಿಡೋದು?
ಆರಕ್ಕೆ, ಸೊಪ್ಪಿಗೆ.
ಬರೋದು?
ಹೊರೆ ತುಂಬಿದಾಗ.
ಹೊರೆ ತುಂಬಿದಾಗ ಅಂತ ಹಾಕಕ್ಕೆ ಬರಲ್ಲ ಅಕ್ಕ.
ಎಂಟು ಅಂತ ಹಾಕು.
ಮನಿಕೊಳ್ಳೋದು?

ಬಾಯಿ ತೆರೆದವಳು ಹಾಗೇ ನಿಂತೆ.
ಹೆಣ್ಣು ನೋಡಲು ಬಂದವರು ಕೇಳಿರಲಿಲ್ಲ ಇದನ್ನ.
ರೇಷ್ಮೆ ಇಲಾಖೆಯವರು ಮೊಟ್ಟೆ ಎಷ್ಟು, ಗೂಡು ಎಷ್ಟು,
ಪಾಸ್‌ಬುಕ್ಕು ಯಾರ ಹೆಸರಿಗೆ ಅಂದಿದ್ದರು, ಇದನ್ನಲ್ಲ.
ನಿಂಗರಾಜು ನನ್ನ ಮುಖ ನೋಡಿದ, ಗಡಿಯಾರ ನೋಡಿದ,
ಹತ್ತಾ? ಅಂತ ನನ್ನನ್ನೇ ಕೇಳಿದ.
ಒಳಗಿನಿಂದ ಅತ್ತೆ:
ಹುಳ ಹಣ್ಣಾಗೋಗಂಟ ಅವಳೆಲ್ಲಿ ಮನಿಕತಾಳೆ!
ಹೊಗಳಿದ್ದೋ ದೂರಿದ್ದೋ, ಇವತ್ತಿಗೂ ತಿಳಿದಿಲ್ಲ.

ತನ್ವೀರ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕಾದ.
ಗಾಜಿನೊಳಗೆ ಆ ಜಾಗ ಖಾಲಿ,
ಎರಡು ಅಡ್ಡಗೆರೆ ಮಿಣುಕುತ್ತಿದ್ದವು.
ಒಂಬತ್ತೂವರೆ, ಅಂದೆ.
ಸಾಸಿವೆ ಡಬ್ಬಿಯ ದುಡ್ಡು ಎಷ್ಟೆಂದು
ಎಲ್ಲರ ಮುಂದೆ ಹೇಳಿಬಿಟ್ಟ ಹಾಗೆ.

ಆ ರಾತ್ರಿ ಸರಿಯಾಗಿ ಒಂಬತ್ತೂವರೆಗೆ
ಗೋಡೆ ಟಿಕ್ ಅಂತು. ಹೀಟರಿನ ಸುರುಳಿ ಕೆಂಪಾಯಿತು.
ಮಲಗಿದೆ. ನಿದ್ದೆಯೂ ಬಂತು, ಸುಳ್ಳು ಯಾಕೆ.
ಆದರೂ ಎರಡಕ್ಕೆ ಎಚ್ಚರ,
ಕಾಲು ತಾವಾಗಿ ಕತ್ತಲಲ್ಲಿ ಹುಳಮನೆಗೆ.

ಇಪ್ಪತ್ತೇಳು, ಅಂದಿತು ಗಾಜು.
ಕೆನ್ನೆ ಇಟ್ಟು ನೋಡಿದೆ.
ಓ, ಇಷ್ಟು ವರ್ಷ ನಾನು ಬಲ್ಲವಳ
ಹೆಸರು ಇಪ್ಪತ್ತೇಳೋ.

ಕುಂಪಟಿಯ ತಣ್ಣನೆ ಬೂದಿಯಲ್ಲಿ ಬೆಕ್ಕು ಸುತ್ತಿಕೊಂಡಿತ್ತು.
ನೆನೆಸಲು ಗೋಣಿಯಿಲ್ಲ, ಊದಲು ಕೆಂಡವಿಲ್ಲ.
ವಾಪಸು ಹೋಗಿ ಮಲಗಬಹುದಿತ್ತು.
ತಟ್ಟೆಗಳ ನಡುವೆ ನೆಲದ ಮೇಲೆ ಕೂತೆ,
ತಲೆ ಎತ್ತಿ,
ಅಲುಗದೆ.